ಕೊಳ್ಳುವವರ ಅಂಜಿಕೆ, ಮಾರುವವರ ಮಾತು

ಸಂತೆಯಲ್ಲಿ ಮಡಕೆ ಮಾರುವ ಹೆಂಗಸನ್ನು ನೀವು ನೋಡಿರುತ್ತೀರಿ. ಗಿರಾಕಿ ಬಂದು ನಿಂತ ಕೂಡಲೇ ಆಕೆ ಬೆಲೆ ಹೇಳುವುದಿಲ್ಲ. ಮಡಕೆಯನ್ನು ಎಡ ಅಂಗೈ ಮೇಲೆ ಕೂರಿಸಿಕೊಂಡು, ಬಲಗೈ ಬೆರಳಿನ ಗೆಣ್ಣಿನಿಂದ ಅದರ ಹೊಟ್ಟೆಗೆ ಎರಡು ಸಲ ಬಡಿಯುತ್ತಾಳೆ. ಕಣ್ ಕಣ್ ಎಂದು ನಾದ ಬರುತ್ತದೆ. ಆಮೇಲೆ ಮಡಕೆಯನ್ನು ಗಿರಾಕಿಯ ಕೈಗೇ ಕೊಟ್ಟು, "ನೀವೂ ಬಡ್ದು ನೋಡ್ರವ್ವ" ಅನ್ನುತ್ತಾಳೆ. ಕೂದಲೆಳೆಯಷ್ಟು ಬಿರುಕಿದ್ದರೂ ಮಡಕೆ ಹಾಗೆ ನುಡಿಯುವುದಿಲ್ಲ, ದಬ್ ಎಂದು ಒಡಕು ದನಿ ಕೊಡುತ್ತದೆ. ಕೊಳ್ಳುವವಳ ಮನಸ್ಸಿನಲ್ಲಿ ಇರುವುದು ಒಂದೇ ಅಂಜಿಕೆ: ಮನೆಗೆ ಒಯ್ದು ನೀರು ತುಂಬಿದ ಮೇಲೆ ಸೋರಿದರೆ? ಅವಳು ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ಮಾರುವವಳ ಬೆರಳು ಉತ್ತರ ಕೊಟ್ಟಿರುತ್ತದೆ.

ನಾನು ಇಂದು ಮಾತಾಡಬೇಕೆಂದಿರುವುದು ಮಾರಾಟದ ಮಾತಿನ ಬಗ್ಗೆ. ಕಚೇರಿಗಳಲ್ಲಿ ಇದಕ್ಕೆ ಸೇಲ್ಸ್ ಪ್ರೆಸೆಂಟೇಶನ್ ಅನ್ನುತ್ತಾರೆ. ಗೋಡೆಯ ಮೇಲೆ ಸ್ಲೈಡು ಬೀಳುತ್ತದೆ, ಒಬ್ಬರು ನಿಂತು ಹೇಳುತ್ತಾರೆ, ಹತ್ತು ಜನ ಕೂತು ಕೇಳುತ್ತಾರೆ. ಸ್ತ್ರೀಶಕ್ತಿ ಸಂಘದ ಸದಸ್ಯೆ ಮೇಳದ ಮಳಿಗೆಯಲ್ಲಿ ತನ್ನ ಚಟ್ನಿಪುಡಿಯ ಬಗ್ಗೆ ಹೇಳುವುದೂ, ಬೀಜದಂಗಡಿಯವರು ರೈತನಿಗೆ ಹೊಸ ತಳಿಯ ಬಗ್ಗೆ ಹೇಳುವುದೂ ಇದೇ ಕೆಲಸ. ಇಂಥ ಮಾತುಗಳಲ್ಲಿ ಹೆಚ್ಚಿನವು ಕೇಳಿದವರು ಎದ್ದು ಹೊರಗೆ ಹೋಗುವಷ್ಟರಲ್ಲಿ ಮರೆತುಹೋಗಿರುತ್ತವೆ. ಕೆಲವು ಮಾತ್ರ ವರ್ಷಗಟ್ಟಲೆ ಉಳಿಯುತ್ತವೆ. ಯಾಕೆ ಹಾಗೆ? ಮೂವತ್ತು ವರ್ಷ ಮಾರಾಟದಲ್ಲೇ ಬದುಕಿದ ನನಗೆ ತಿಳಿದ ಉತ್ತರ ಇಷ್ಟು: ಕೊಳ್ಳುವವರ ಎದೆಯೊಳಗಿನ ಅಂಜಿಕೆಯನ್ನು ಕಂಡುಕೊಂಡು, ಅದರ ಎದುರಿಗೆ ತಾನೇ ಹೋಗಿ ನಿಲ್ಲುವವನ ಮಾತು ಉಳಿಯುತ್ತದೆ. ಸರಕಿನ ಗುಣಗಳನ್ನು ಎಣಿಸುತ್ತ ಕೂತವನ ಮಾತು ಗಾಳಿಗೆ ಹೋಗುತ್ತದೆ.

ಇದನ್ನು ನನಗೆ ಕಲಿಸಿದವರು ಚಳ್ಳಕೆರೆ ತಾಲ್ಲೂಕಿನ ಒಬ್ಬ ಹಿರಿಯ ರೈತರು. 1986ನೆಯ ಇಸವಿ. ನಾನು ಆಗಷ್ಟೇ ಪಂಪ್‌ಸೆಟ್ ಮಾರುವ ಕೆಲಸಕ್ಕೆ ಸೇರಿದ್ದೆ. ಶೇಂಗಾ ಮಾರಿ ರೈತರ ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲ ನೋಡಿಕೊಂಡು ಒಂದು ಹಳ್ಳಿಗೆ ಹೋದೆ. ಅರಳಿಕಟ್ಟೆಯ ಹತ್ತಿರ ಜನ ಸೇರಿಸಿ, ಕಂಪನಿ ಕೊಟ್ಟ ಬಣ್ಣದ ಚಿತ್ರಪಟ ತೂಗುಹಾಕಿ, ಮುಕ್ಕಾಲು ಗಂಟೆ ಮಾತಾಡಿದೆ. ಐದು ಹಾರ್ಸ್‌ಪವರ್, ನಿಮಿಷಕ್ಕೆ ಎಷ್ಟು ಲೀಟರ್, ಎಷ್ಟು ಅಡಿ ಆಳದಿಂದ ಎತ್ತುತ್ತದೆ, ಒಳಗಿನ ತಾಮ್ರ ಎಂಥದ್ದು, ಹೊರಗಿನ ಎರಕ ಎಂಥದ್ದು, ಒಂದನ್ನೂ ಬಿಡಲಿಲ್ಲ. ಜನ ಮರ್ಯಾದೆಯಿಂದ ಕೇಳಿದರು. ಕೊನೆಗೆ ಕಟ್ಟೆಯ ಮೇಲೆ ಕೂತಿದ್ದ ಆ ಹಿರಿಯರು ಕೇಳಿದರು: "ನೋಡಪ್ಪ, ಇಷ್ಟೆಲ್ಲ ಹೇಳ್ದೆ. ಮೋಟ್ರು ಸುಟ್ರೆ ಏನ್ ಮಾಡ್ಲಿ?"

ನನ್ನ ಬಳಿ ಉತ್ತರ ಇರಲಿಲ್ಲ. "ನಮ್ಮ ಮೋಟರು ಅಷ್ಟು ಸುಲಭಕ್ಕೆ ಸುಡಲ್ಲ ಯಜಮಾನ್ರೇ" ಅಂದೆ. ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. ಅವರ ಹಿಂದೆ ಉಳಿದವರೂ ಎದ್ದರು. ಅಂದು ಒಂದು ಪಂಪೂ ಹೋಗಲಿಲ್ಲ.

ಬಸ್ಸಿನಲ್ಲಿ ಬರುವಾಗ ಆ ಪ್ರಶ್ನೆ ಕಿವಿಯಲ್ಲೇ ಇತ್ತು. ಮರುದಿನ ಚಳ್ಳಕೆರೆಯಲ್ಲಿ ಮೋಟರ್ ವೈಂಡಿಂಗ್ ಮಾಡುವ ಅಂಗಡಿಯೊಂದಕ್ಕೆ ಹೋಗಿ ಕೂತೆ. ಬಾಗಿಲಲ್ಲಿ ಸುಟ್ಟ ಮೋಟರುಗಳ ಸಾಲು. ಒಂದೊಂದರ ಹಿಂದೆಯೂ ಒಂದೊಂದು ಒಣಗಿದ ಹೊಲ. ಅಂಗಡಿಯ ಮೇಸ್ತ್ರಿ ಕಾರಣ ಬಿಡಿಸಿ ಹೇಳಿದ. ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಇಳಿದಾಗಲೂ ಮೋಟರು ಅಷ್ಟೇ ನೀರು ಎತ್ತಬೇಕು. ಅದಕ್ಕಾಗಿ ಹೆಚ್ಚು ಕರೆಂಟು ಎಳೆಯುತ್ತದೆ. ಆಗ ಕಾಯಿಲು ಕಾಯುತ್ತದೆ, ತಂತಿಯ ಮೇಲಿನ ವಾರ್ನಿಶು ಕರಗುತ್ತದೆ, ತಂತಿಗೆ ತಂತಿ ತಾಗಿ ಸುಡುತ್ತದೆ. ಯಾವ ಕಂಪನಿಯ ಮೋಟರಾದರೂ ಅಷ್ಟೇ. ನಾನು ಮುಕ್ಕಾಲು ಗಂಟೆ ಹೇಳಿದ್ದು ನೀರಿನ ಕಥೆ. ಆ ರೈತರ ತಲೆಯಲ್ಲಿ ಇದ್ದದ್ದು ಬೆಂಕಿಯ ಕಥೆ.

ಎರಡು ವಾರ ಬಿಟ್ಟು ಅದೇ ಹಳ್ಳಿಗೆ ಮತ್ತೆ ಹೋದೆ. ಈ ಸಲ ಚಿತ್ರಪಟ ಒಯ್ಯಲಿಲ್ಲ. ಸುಟ್ಟ ಮೋಟರೊಂದನ್ನು ತೆಗೆದುಕೊಂಡು, ಮೇಸ್ತ್ರಿಯನ್ನೂ ಕರೆದುಕೊಂಡು ಹೋದೆ. ಕಟ್ಟೆಯ ಮೇಲೆ ಅದನ್ನು ಬಿಚ್ಚಿಸಿ, ಕರಿಹಿಡಿದ ಕಾಯಿಲನ್ನು ಎಲ್ಲರ ಮೂಗಿಗೆ ಹಿಡಿದೆ. ಪಕ್ಕದಲ್ಲಿ ನಮ್ಮ ಹೊಸ ಮೋಟರನ್ನೂ ಬಿಚ್ಚಿಟ್ಟೆ. "ವೋಲ್ಟೇಜು ಇಳಿದಾಗ ಓಡಿಸಿದರೆ ಇದೂ ಹೀಗೇ ಸುಡುತ್ತೆ ಯಜಮಾನ್ರೇ" ಅಂದೆ. ಹಿರಿಯರು ನನ್ನ ಮುಖ ನೋಡಿದರು. "ನಿನ್ನ ಸಾಮಾನು ಸುಡ್ತತೆ ಅಂತ ನೀನೇ ಹೇಳ್ತೀಯಲ್ಲಪ್ಪ?" ಅಂದರು. ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ವೋಲ್ಟ್‌ಮೀಟರ್ ತೋರಿಸಿ, ಅದರ ಗಾಜಿನ ಮೇಲೆ ಕೆಂಪು ಬಣ್ಣದಿಂದ ಒಂದು ಗೆರೆ ಎಳೆದೆ. "ಮುಳ್ಳು ಈ ಗೆರೆಗಿಂತ ಕೆಳಗಿದ್ದರೆ ಸ್ವಿಚ್ ಹಾಕಬೇಡಿ. ಓಡುವಾಗ ಕರೆಂಟು ಮಿತಿ ಮೀರಿದರೆ ಈ ರಿಲೇ ತಾನೇ ಬೀಳುತ್ತೆ. ಇಷ್ಟಾಗಿಯೂ ಸುಟ್ಟರೆ ಈ ಮೇಸ್ತ್ರಿ ಬರುತ್ತಾರೆ, ಇವರ ಅಂಗಡಿ ಇಂಥಲ್ಲಿ ಇದೆ" ಅಂದೆ. ಮಾತು ಹತ್ತು ನಿಮಿಷಕ್ಕೆ ಮುಗಿದಿತ್ತು. ಹೊಸ ಮೋಟರಿನ ಗುಣಗಾನ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಆ ಬೇಸಿಗೆಯಲ್ಲಿ ಆ ಊರಿಗೆ ನಾಲ್ಕು ಪಂಪು ಹೋದವು.

ನಾನು ಹೊಸದೇನನ್ನೂ ಕಂಡುಹಿಡಿದಿರಲಿಲ್ಲ. ಇದೇ ಕೆಲಸವನ್ನು ಬಹಳ ಹಿಂದೆ ಒಬ್ಬ ಮೆಕ್ಯಾನಿಕ್ ನನಗಿಂತ ಎಷ್ಟೋ ಚೆನ್ನಾಗಿ ಮಾಡಿದ್ದ. ಅವನ ಹೆಸರು ಎಲಿಷಾ ಓಟಿಸ್, ಅಮೆರಿಕದವನು. ಮಂಚ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಸಾಮಾನು ಮೇಲೆತ್ತುವ ಯಂತ್ರಕ್ಕೆ ಹಗ್ಗ ಹರಿದರೂ ಬೀಳದಂಥ ಒಂದು ಉಪಾಯ ಮಾಡಿದ. ಗಾಡಿಗೆ ಹಾಕುವಂಥ ಬಿಲ್ಲಿನಾಕಾರದ ಸ್ಪ್ರಿಂಗನ್ನು ಸಾಮಾನು ಇಡುವ ಹಲಗೆಯ ಮೇಲ್ಭಾಗಕ್ಕೆ ಸೇರಿಸಿ ಅದಕ್ಕೆ ಹಗ್ಗ ಕಟ್ಟಿದ. ಹಗ್ಗ ಬಿಗಿಯಾಗಿರುವಷ್ಟು ಹೊತ್ತು ಸ್ಪ್ರಿಂಗು ಬಾಗಿರುತ್ತದೆ. ಹಗ್ಗ ಹರಿದರೆ ಸ್ಪ್ರಿಂಗು ಚಾಚಿಕೊಂಡು ಎರಡೂ ಬದಿಯ ಕಂಬಗಳ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ, ಹಲಗೆ ನಿಂತಲ್ಲೇ ನಿಲ್ಲುತ್ತದೆ. ಉಪಾಯವೇನೋ ಚೆನ್ನಾಗಿತ್ತು. ಆದರೆ ಕೊಳ್ಳಲು ಜನ ಮುಗಿಬೀಳಲಿಲ್ಲ. ಎತ್ತುವ ಯಂತ್ರ ಅಂದರೆ ಯಾವತ್ತೋ ಒಂದು ದಿನ ಬೀಳುವ ಯಂತ್ರ ಎಂಬ ಭಯ ಎಲ್ಲರಲ್ಲೂ ಇತ್ತು. ಸ್ಪ್ರಿಂಗಿನ ನಕ್ಷೆ ತೋರಿಸಿದರೆ ಆ ಭಯ ಹೋಗುವಂಥದ್ದಲ್ಲ.

1854ರಲ್ಲಿ ನ್ಯೂಯಾರ್ಕಿನ ಕ್ರಿಸ್ಟಲ್ ಪ್ಯಾಲೆಸ್ ಎಂಬ ಗಾಜಿನ ಭವನದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಓಟಿಸ್ ಅಲ್ಲಿ ತನ್ನ ಯಂತ್ರ ನಿಲ್ಲಿಸಿದ. ತಾನೇ ಹಲಗೆ ಹತ್ತಿ, ನೆರೆದವರ ತಲೆಗಿಂತ ಎಷ್ಟೋ ಮೇಲಕ್ಕೆ ಹೋಗಿ, ಹಗ್ಗ ಕಡಿಯಲು ಹೇಳಿದ. ಕಡಿದರು. ಹಲಗೆ ಚೂರು ಜಾರಿ ಗಕ್ಕನೆ ನಿಂತಿತು. ಇದನ್ನೇ ಮತ್ತೆ ಮತ್ತೆ ಮಾಡಿ ತೋರಿಸಿದ. 1857ರಲ್ಲಿ ಅದೇ ನಗರದ ಬ್ರಾಡ್‌ವೇ ಬೀದಿಯ ಐದು ಅಂತಸ್ತಿನ ಅಂಗಡಿಯೊಂದರಲ್ಲಿ ಜನರನ್ನು ಹೊತ್ತೊಯ್ಯುವ ಅವನ ಲಿಫ್ಟು ಓಡಾಡತೊಡಗಿತು. ಇಂದು ಬೆಂಗಳೂರಿನ ಹತ್ತಾರು ಅಂತಸ್ತಿನ ಮನೆಗಳಲ್ಲಿ ನಾವು ಯೋಚಿಸದೆ ಲಿಫ್ಟಿನೊಳಗೆ ಕಾಲಿಡುತ್ತೇವಲ್ಲ, ಆ ಧೈರ್ಯದ ಬೇರು ಅಲ್ಲಿದೆ.

ಇಲ್ಲಿ ಗಮನಿಸಬೇಕಾದ್ದು ಓಟಿಸ್ ನಿಂತ ಜಾಗ. ಹಲಗೆಯ ಮೇಲೆ ಕಲ್ಲಿನ ಮೂಟೆ ಇಟ್ಟು ಹಗ್ಗ ಕಡಿಸಿದ್ದರೂ ಯಂತ್ರದ ಗುಣ ಸಾಬೀತಾಗುತ್ತಿತ್ತು. ಆದರೆ ನೋಡುವವರು ಅದನ್ನು ಒಂದು ಚಮತ್ಕಾರ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಅವನು ತನ್ನ ಪ್ರಾಣವನ್ನೇ ಹಲಗೆಯ ಮೇಲಿಟ್ಟ. ಮಾರುವವನು ತನ್ನ ಸರಕನ್ನು ಎಷ್ಟು ನಂಬಿದ್ದಾನೆ ಎನ್ನುವುದು ಅವನ ಮಾತಿನಿಂದ ತಿಳಿಯುವುದಿಲ್ಲ, ಅವನು ಏನನ್ನು ಪಣಕ್ಕಿಟ್ಟಿದ್ದಾನೆ ಎನ್ನುವುದರಿಂದ ತಿಳಿಯುತ್ತದೆ.

ಪಣ ಅಂದಮೇಲೆ ಪ್ರಾಣವೇ ಆಗಬೇಕಿಲ್ಲ. 1903ರಲ್ಲಿ ಟೆಕ್ಸಸ್ ರಾಜ್ಯದ ಟೆರೆಲ್ ಎಂಬ ಊರಿನಲ್ಲಿ ನಡೆದದ್ದು ಕೇಳಿ. ಸೀಮನ್ ನ್ಯಾಪ್ ಎಂಬ ಕೃಷಿ ತಜ್ಞ ಹೊಸ ಬೇಸಾಯ ಕ್ರಮಗಳನ್ನು ರೈತರಿಗೆ ಒಪ್ಪಿಸಬೇಕಿತ್ತು. ಸರ್ಕಾರವೇ ಜಮೀನು ಹಿಡಿದು, ಸರ್ಕಾರದ ದುಡ್ಡಿನಲ್ಲಿ ಬೆಳೆದು ತೋರಿಸಿದರೆ ರೈತರು ನೋಡಿ ಹೋಗುತ್ತಿದ್ದರು, ತಮ್ಮ ಹೊಲದಲ್ಲಿ ಮಾಡುತ್ತಿರಲಿಲ್ಲ. ಸರ್ಕಾರದ ದುಡ್ಡಿದ್ದರೆ ಯಾರು ಬೇಕಾದರೂ ಬೆಳೆಯಬಹುದು ಎನ್ನುವುದು ಅವರ ಲೆಕ್ಕ. ನ್ಯಾಪ್ ಬೇರೆ ದಾರಿ ಹಿಡಿದ. ಆ ಊರಿನ ರೈತ ವಾಲ್ಟರ್ ಪೋರ್ಟರ್ ತನ್ನದೇ ಹೊಲದಲ್ಲಿ, ತನ್ನದೇ ಕೈಯಿಂದ ಹೊಸ ಕ್ರಮದಲ್ಲಿ ಬೆಳೆಯುವುದು. ನಷ್ಟವಾದರೆ ತುಂಬಿಕೊಡಲು ಊರಿನ ವ್ಯಾಪಾರಸ್ಥರು ಮೊದಲೇ ಹಣ ಕೂಡಿಡುವುದು. ವರ್ಷದ ಕೊನೆಗೆ ಪೋರ್ಟರನಿಗೆ ಲಾಭ ಬಂತು, ಕೂಡಿಟ್ಟ ಹಣ ಮುಟ್ಟಬೇಕಾಗಲಿಲ್ಲ. ನೆರೆಹೊರೆಯ ರೈತರಿಗೆ ಬೇರೆ ಭಾಷಣ ಬೇಕಾಗಲಿಲ್ಲ. ಇಂದು ನಮ್ಮ ಕೃಷಿ ವಿಜ್ಞಾನ ಕೇಂದ್ರಗಳು ರೈತರ ಹೊಲಗಳಲ್ಲೇ ಮುಂಚೂಣಿ ಪ್ರಾತ್ಯಕ್ಷಿಕೆ ಮಾಡುತ್ತವಲ್ಲ, ಆ ಪದ್ಧತಿ ಇದೇ ವಂಶದ್ದು. ರೈತನ ಅಂಜಿಕೆ ಒಂದು ಹಂಗಾಮು ಹೋದರೆ ಏನು ಗತಿ ಅನ್ನುವುದು. ನ್ಯಾಪ್ ಆ ಭಾರವನ್ನು ರೈತನೊಬ್ಬನ ಹೆಗಲಿಂದ ಇಳಿಸಿ ಊರಿನ ಹೆಗಲಿಗೆ ಹಂಚಿದ. ಈಗಿನ ಕಾಲದ ಗ್ಯಾರಂಟಿ ಕಾರ್ಡಿನ ಹಿಂದೆ ಇರಬೇಕಾದ ನಿಜವಾದ ಅರ್ಥವೂ ಇದೇ.

ಅಷ್ಟು ದೂರ ಯಾಕೆ, ನಮ್ಮ ಇಳಕಲ್ಲಿಗೆ ಬನ್ನಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಟೋಪ ತೆನಿ ಎಂದು ಕರೆಯುವ ಆ ಕೆಂಪು ಸೆರಗಿನ ಚೆಂದವೆಲ್ಲ ನಿಂತಿರುವುದು ಈ ಕೊಂಡಿಯ ಮೇಲೆ. ಕೊಳ್ಳಲು ಹೋದ ಹೆಣ್ಣುಮಗಳಿಗೆ ಮಾತ್ರ ಅಲ್ಲೇ ಸಂಶಯ. ಎರಡು ಬಟ್ಟೆ ಕೂಡಿದ ಜಾಗ, ನಾಲ್ಕು ಸಲ ಒಗೆದರೆ ಬಿಟ್ಟುಕೊಂಡರೆ? ಒಮ್ಮೆ ಮನೆಯವರ ಜೊತೆ ಅಲ್ಲಿನ ಅಂಗಡಿಯೊಂದರ ಗಾದಿಯ ಮೇಲೆ ಕೂತಿದ್ದೆ. ಅಂಗಡಿಯ ಅಜ್ಜ ನನ್ನ ಹೆಂಡತಿಗೆ ಸೀರೆಯ ಬಣ್ಣ ತೋರಿಸುವುದಕ್ಕೂ ಮೊದಲು ಅದನ್ನು ಒಳಮಗ್ಗುಲಿಗೆ ತಿರುವಿ, ಕೂಡಿದ ಜಾಗವನ್ನು ಅವಳ ಎರಡೂ ಕೈಗೆ ಕೊಟ್ಟ. "ಯವ್ವಾ, ಜಗ್ಗಿ ನೋಡ್ರಿ. ನಿಮ್ಮ ಕೈಲೆ ಆದಷ್ಟು ಜಗ್ರಿ" ಅಂದ. ಅವಳು ಜಗ್ಗಿದಳು. ಅವನು ಸುಮ್ಮನೆ ಕೂತ. ಆ ಸುಮ್ಮನೆ ಕೂತದ್ದು ನನಗೆ ಬಹಳ ಹಿಡಿಸಿತು. ನಮ್ಮಂಥವರಾಗಿದ್ದರೆ ಅವಳು ಜಗ್ಗುವಾಗಲೂ ಏನಾದರೂ ಹೇಳುತ್ತಲೇ ಇರುತ್ತಿದ್ದೆವು. ಕೊಳ್ಳುವವರ ಕೈ ಕೆಲಸ ಮಾಡುತ್ತಿರುವಾಗ ಮಾರುವವರ ಬಾಯಿ ಮುಚ್ಚಿರಬೇಕು.

ಮಡಕೆ ಬಡಿಯಬಹುದು, ಸೀರೆ ಜಗ್ಗಬಹುದು, ಮೋಟರು ಬಿಚ್ಚಬಹುದು. ಕೈಗೆ ಕೊಡಲಾಗದ ಸರಕು ಮಾರುವವರು ಏನು ಮಾಡಬೇಕು? ಸಾಫ್ಟ್‌ವೇರ್ ಮಾರುವವರು, ವಿಮೆ ಮಾರುವವರು ಹೀಗೆ ಕೇಳುತ್ತಾರೆ. ಮಾತಿನಲ್ಲೂ ಕೈಗೆ ಕೊಡಬಹುದು. 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಐಪಾಡ್ ಎಂಬ ಹಾಡಿನ ಯಂತ್ರವನ್ನು ಜನರ ಮುಂದೆ ಇಟ್ಟಾಗ ಅದರೊಳಗೆ ಐದು ಗಿಗಾಬೈಟ್ ಜಾಗ ಇತ್ತು. ಗಿಗಾಬೈಟ್ ಎಂಬುದನ್ನು ಯಾರ ಅಂಗೈಯೂ ಹಿಡಿಯಲಾರದು. ಅವರು ಅದನ್ನು ಜೇಬಿನಲ್ಲಿ ಒಂದು ಸಾವಿರ ಹಾಡು ಎಂದು ಹೇಳಿ, ಯಂತ್ರವನ್ನು ತಮ್ಮ ಪ್ಯಾಂಟಿನ ಜೇಬಿನಿಂದಲೇ ತೆಗೆದು ತೋರಿಸಿದರು. ಹಾಡು ಎಲ್ಲರಿಗೂ ಗೊತ್ತು, ಜೇಬು ಎಲ್ಲರಿಗೂ ಇದೆ. ಕೇಳಿದವರು ಮನೆಗೆ ಹೋಗಿ ಇನ್ನೊಬ್ಬರಿಗೆ ತಪ್ಪಿಲ್ಲದೆ ಹೇಳಬಲ್ಲಷ್ಟು ಚಿಕ್ಕ ಮಾತು ಅದು. ಇದು ಬಹಳ ದೊಡ್ಡ ಗುಣ. ಯಾಕೆಂದರೆ ನಿರ್ಧಾರ ಮಾಡುವವರು ಎಷ್ಟೋ ಸಲ ನಿಮ್ಮ ಎದುರು ಕೂತಿರುವುದೇ ಇಲ್ಲ. ರೈತ ಮನೆಗೆ ಹೋಗಿ ಹೆಂಡತಿಯನ್ನು ಕೇಳುತ್ತಾನೆ, ಕಂಪನಿಯ ಮ್ಯಾನೇಜರು ತನ್ನ ಮೇಲಿನವರನ್ನು ಕೇಳುತ್ತಾರೆ. ಆ ಎರಡನೆಯ ಮಾತುಕತೆಗೆ ನಿಮಗೆ ಪ್ರವೇಶವಿಲ್ಲ. ಅಲ್ಲಿಗೆ ಹೋಗುವುದು ನೀವು ಕೊಟ್ಟ ಒಂದು ವಾಕ್ಯ ಮಾತ್ರ. ಇಪ್ಪತ್ತು ಗುಣ ಹೇಳಿದರೆ ಇಪ್ಪತ್ತೂ ದಾರಿಯಲ್ಲಿ ಉದುರುತ್ತವೆ.

ಈಗ ಒಂದು ಎಚ್ಚರಿಕೆಯ ಮಾತನ್ನು ಗಟ್ಟಿಯಾಗಿ ಹೇಳಬೇಕು. ಅಂಜಿಕೆಗೆ ಉತ್ತರ ಕೊಡುವುದು ಬೇರೆ, ಅಂಜಿಕೆಯನ್ನು ಹುಟ್ಟಿಸುವುದು ಬೇರೆ. ಮಕ್ಕಳಿಗೆ ಈ ಪುಡಿ ಕುಡಿಸದಿದ್ದರೆ ಹಿಂದೆ ಬೀಳುತ್ತಾರೆ, ಈ ಕೋರ್ಸಿಗೆ ಸೇರದಿದ್ದರೆ ಜೀವನವೇ ಹಾಳು, ಇವತ್ತೇ ಸಹಿ ಹಾಕದಿದ್ದರೆ ನಾಳೆ ಈ ಬೆಲೆ ಸಿಗದು ಎನ್ನುವವರನ್ನು ನಾವು ದಿನಾ ನೋಡುತ್ತೇವೆ. ಇಲ್ಲದ ಭಯ ಹುಟ್ಟಿಸಿ, ಅದಕ್ಕೆ ಔಷಧಿ ಎಂದು ತಮ್ಮ ಸರಕು ಮಾರುತ್ತಾರೆ. ಅದೂ ನೆನಪಿನಲ್ಲಿ ಉಳಿಯುತ್ತದೆ, ಮೋಸದ ನೆನಪಾಗಿ ಉಳಿಯುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಆದರೆ ನಾಲ್ಕು ಗೋಡೆಯ ನಡುವೆ, ಒಬ್ಬ ಏಜೆಂಟನೂ ಒಬ್ಬ ವಿಧವೆಯೂ ಎದುರುಬದುರು ಕೂತು ಆಡುವ ಮಾತನ್ನು ಕಾಯಲು ಕಾಯ್ದೆಗೆ ಕಣ್ಣು ಸಾಲದು. ಅಲ್ಲಿ ಕಾಯಬೇಕಾದ್ದು ಮಾರುವವರ ಮನಸ್ಸಾಕ್ಷಿ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ನಮ್ಮ ಹಿರಿಯರು ಕೊಳ್ಳುವವರಿಗೆ ಹೇಳಿದರು. ಪರಾಂಬರಿಸಲು ಬಿಡುವು ಕೊಡುವುದು ಮಾರುವವರ ಧರ್ಮ. ನಿಮ್ಮ ಸರಕು ಯಾರಿಗೆ ಹೊಂದುವುದಿಲ್ಲ ಎನ್ನುವುದನ್ನು ನೀವೇ ಹೇಳಿ. ನನ್ನ ಅನುಭವದಲ್ಲಿ, ಒಂದು ಕೊರತೆಯನ್ನು ತಾನಾಗಿ ಒಪ್ಪಿಕೊಂಡವನ ಉಳಿದ ಒಂಬತ್ತು ಮಾತಿಗೆ ಬೆಲೆ ಬರುತ್ತದೆ.

ನಾಳೆ ಯಾರೋ ಒಬ್ಬರ ಎದುರು ಮಾತಾಡಲು ಹೊರಟಿರುವ ಯುವಕ ಯುವತಿಯರು ಈಗ ಕೇಳುತ್ತಿರಬಹುದು. ನಿಮಗೆ ನನ್ನದು ಒಂದೇ ಕೋರಿಕೆ. ಸ್ಲೈಡು ಮಾಡಲು ಕೂರುವ ಮೊದಲು ಒಂದು ಹಾಳೆಯ ಮೇಲೆ ಒಂದು ಸಾಲು ಬರೆಯಿರಿ: ಇವರು ಯಾವುದಕ್ಕೆ ಅಂಜುತ್ತಿದ್ದಾರೆ? ಗೊತ್ತಿಲ್ಲದಿದ್ದರೆ ಮಾತು ಮುಂದಕ್ಕೆ ಹಾಕಿ, ಮೊದಲು ಹೋಗಿ ಕೇಳಿ ಬನ್ನಿ. ಅವರು ಈ ಹಿಂದೆ ಇಂಥದ್ದನ್ನು ಕೊಂಡಿದ್ದರೇ, ಆಗ ಏನು ಕೆಟ್ಟಿತು, ಅದರ ನೋವು ಯಾರ ಮೇಲೆ ಬಿತ್ತು ಎಂದು ಕೇಳಿ. ಹಳೆಯ ಪೆಟ್ಟಿನ ಜಾಗ ಗೊತ್ತಾದರೆ ಹೊಸ ಮಾತನ್ನು ಎಲ್ಲಿಂದ ಶುರುಮಾಡಬೇಕು ಎನ್ನುವುದೂ ಗೊತ್ತಾಗುತ್ತದೆ. ಆಮೇಲೆ ಆ ಅಂಜಿಕೆಗೆ ಉತ್ತರವಾಗಿ ಮಾಡಿ ತೋರಿಸುವಂಥ ಒಂದು ಕೆಲಸವನ್ನು ಹುಡುಕಿ. ಅದನ್ನು ಮನೆಯಲ್ಲಿ ಹತ್ತು ಸಲ ಮಾಡಿ ನೋಡಿ, ಯಾಕೆಂದರೆ ಹಗ್ಗ ಕಡಿದ ಮೇಲೆ ಸ್ಪ್ರಿಂಗು ಕಚ್ಚಲೇಬೇಕು. ಬೆಲೆ ಕೇಳಿದಾಗ ಸುತ್ತಿ ಬಳಸದೆ ಹೇಳಿ, ಹೇಳಿ ಸುಮ್ಮನಿರಿ.

ಕೊನೆಯದಾಗಿ ಒಂದು ಸಂಗತಿ. ಕೆಲಸದಿಂದ ನಿವೃತ್ತನಾದ ಮೇಲೆ ಒಂದು ದಿನ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಐವತ್ತರ ಆಸುಪಾಸಿನ ಒಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅಂದು ಕಟ್ಟೆಯ ಮೇಲೆ ಪ್ರಶ್ನೆ ಕೇಳಿದ ಹಿರಿಯರ ಮಗ. "ಸುಟ್ಟ ಮೋಟ್ರು ತಂದು ಬಿಚ್ಚಿ ತೋರಿಸಿದ್ರಲ್ಲ, ಅವರೇ ಅಲ್ವಾ ನೀವು?" ಎಂದು ಕೇಳಿದರು. ತಂದೆ ತೀರಿಹೋಗಿ ಬಹಳ ವರ್ಷವಾಗಿತ್ತು. ನಾನು ಮಾರಿದ ಪಂಪು ಗುಜರಿಗೆ ಹೋಗಿ, ತೆರೆದ ಬಾವಿ ಬತ್ತಿ, ಕೊಳವೆಬಾವಿ ಬಂದಿತ್ತು. ನಾನು ಮಾರಿದ್ದು ಯಾವ ಕಂಪನಿಯ ಪಂಪು ಎನ್ನುವುದು ಅವರಿಗೆ ನೆನಪಿರಲಿಲ್ಲ. ಎಷ್ಟು ಹಾರ್ಸ್‌ಪವರ್, ಎಷ್ಟು ಬೆಲೆ, ಅದೂ ನೆನಪಿರಲಿಲ್ಲ. ಬಸ್ಸು ಹತ್ತುವಾಗ ತಿರುಗಿ ಹೇಳಿದರು: "ಹೊಸ ಪೆಟ್ಟಿಗೆ ಮೇಲೂ ನಮ್ಮಪ್ಪ ಕೆಂಪು ಗೆರೆ ಎಳೆಸಿದ್ರು ಸಾರ್. ಈಗಲೂ ಮುಳ್ಳು ನೋಡ್ದೆ ಸ್ವಿಚ್ ಹಾಕಲ್ಲ."